ಹಣೆಯಂಚಿನ ಕೂದಲು ಹಿಂದೆ ಸರಿದಾಗ

ಇಪ್ಪತ್ತೈದರ ಆಸುಪಾಸಿನ ತರುಣನೊಬ್ಬ ತಲೆ ಬಾಚಿಕೊಳ್ಳುವಾಗ, ಹಣೆಯ ಎರಡು ಪಕ್ಕಗಳಲ್ಲಿ ಕೂದಲು ಹಿಂದೆ ಸರಿದಿರುವುದನ್ನು ಗಮನಿಸುತ್ತಾನೆ. ಇದು ಪ್ರಾಣಕ್ಕೆ ಅಪಾಯ ತರುವ ರೋಗವಲ್ಲ. ಆದರೆ ಮನಸ್ಸಿಗೆ ಅಳುಕು ತರುತ್ತದೆ. ಆ ಅಳುಕನ್ನೇ ಬಂಡವಾಳ ಮಾಡಿಕೊಂಡ ಜಾಹೀರಾತುಗಳಿಗೆ ಕೊರತೆಯಿಲ್ಲ. ಅವುಗಳನ್ನು ನಂಬಿದವರು ಹಣದೊಡನೆ ಕಾಲವನ್ನೂ ಕಳೆದುಕೊಳ್ಳುತ್ತಾರೆ. ಇರುವ ಕೂದಲನ್ನು ಉಳಿಸಿಕೊಳ್ಳುವುದಕ್ಕಿಂತ ಹೋದುದನ್ನು ಮರಳಿ ಪಡೆಯುವುದು ಬಹಳ ಕಷ್ಟವಾದುದರಿಂದ, ಕಾಲದ ನಷ್ಟವೇ ಹೆಚ್ಚಿನದು.

ಕಾರಣವೇನು?

ಊರು ಬಿಟ್ಟು ದೊಡ್ಡ ನಗರ ಸೇರಿದವರು ಅಲ್ಲಿನ ನೀರನ್ನು ದೂರುವುದುಂಟು. ಟೋಪಿ ಅಥವಾ ಹೆಲ್ಮೆಟ್ ಧರಿಸುವುದರಿಂದ ಹೀಗಾಗುತ್ತದೆ ಎನ್ನುವವರೂ ಇದ್ದಾರೆ. ಇವು ನಿಜವಾದ ಕಾರಣಗಳಲ್ಲ. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ದೇಹದಲ್ಲಿ ಡೈಹೈಡ್ರೊಟೆಸ್ಟೋಸ್ಟಿರೋನ್ ಆಗಿ ಮಾರ್ಪಡುತ್ತದೆ. ತಾಯಿ ಅಥವಾ ತಂದೆಯ ಕಡೆಯಿಂದ ಬಂದ ವಂಶಗುಣದಿಂದಾಗಿ ಕೆಲವರ ಕೂದಲಿನ ಬೇರುಗಳು ಈ ವಸ್ತುವಿಗೆ ಬೇಗ ಸೋಲುತ್ತವೆ. ಅವು ಕ್ರಮೇಣ ಕುಗ್ಗಿ, ದಪ್ಪ ಕೂದಲಿನ ಬದಲು ನವಿರಾದ ರೋಮವನ್ನು ಮಾತ್ರ ಬೆಳೆಸುತ್ತವೆ. ಹಾರ್ಮೋನಿಗೂ ಬೋಳುತನಕ್ಕೂ ಇರುವ ಈ ಸಂಬಂಧವನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟರು.

ಹಣೆಯಂಚು ಸರಿದುದೆಲ್ಲವೂ ಬೋಳುತನವಲ್ಲ. ಹರೆಯ ಕಳೆಯುವ ವೇಳೆಗೆ ಬಹುಪಾಲು ಪುರುಷರಲ್ಲಿ ಅದು ತುಸು ಮೇಲೇರಿ ಅಲ್ಲಿಯೇ ನಿಲ್ಲುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದೂ ಸಹಜವೇ. ಸ್ತ್ರೀಯರಲ್ಲಿ ಬಹುಕಾಲ ಬಿಗಿಯಾಗಿ ಜಡೆ ಹೆಣೆಯುವುದರಿಂದಲೂ ಈ ಭಾಗದ ಕೂದಲು ಹೋಗಬಹುದು. ಆರಂಭದಲ್ಲಿಯೇ ಜಡೆಯನ್ನು ಸಡಿಲಿಸಿದರೆ ಅದು ಮರಳಿ ಬರುವ ಸಂಭವವಿದೆ. ತಲೆಯ ಚರ್ಮದಲ್ಲಿ ತುರಿಕೆ, ನೋವು, ಹೊಪ್ಪಳೆ ಕಂಡುಬಂದರೆ ಅಥವಾ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರಿದರೆ ಬೇರೆ ಕಾಯಿಲೆ ಇರಬಹುದು. ಆಗ ವೈದ್ಯರ ತಪಾಸಣೆ ಅಗತ್ಯ.

ಇರುವ ಚಿಕಿತ್ಸೆಗಳು

ಮಿನಾಕ್ಸಿಡಿಲ್: ಮೂಲತಃ ಇದು ರಕ್ತದೊತ್ತಡದ ಔಷಧ. ಇದನ್ನು ಸೇವಿಸಿದವರ ಮೈಮೇಲೆ ರೋಮ ಬೆಳೆದುದನ್ನು ಕಂಡು, ತಲೆಗೆ ಹಚ್ಚುವ ದ್ರಾವಣವನ್ನು ಸಿದ್ಧಪಡಿಸಲಾಯಿತು. ಮೊದಲ ಕೆಲವು ವಾರ ಕೂದಲು ಹೆಚ್ಚು ಉದುರಬಹುದು, ಗಾಬರಿಯಾಗಬೇಕಿಲ್ಲ. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು. ಇದರ ಪರಿಣಾಮ ನೆತ್ತಿಗಿಂತ ಹಣೆಯ ಮೂಲೆಗಳಲ್ಲಿ ಸಾಮಾನ್ಯವಾಗಿ ಕಡಿಮೆ.

ಫಿನಾಸ್ಟಿರೈಡ್: ಈ ಮಾತ್ರೆ ಡೈಹೈಡ್ರೊಟೆಸ್ಟೋಸ್ಟಿರೋನ್ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೂದಲುದುರುವಿಕೆಯನ್ನು ತಡೆಯುವುದೇ ಇದರ ಮುಖ್ಯ ಪ್ರಯೋಜನ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಖಿನ್ನವಾಗಬಹುದು. ಹಾಗಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಇದನ್ನು ಸೇವಿಸಬಾರದು. ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ವೈದ್ಯರ ಚೀಟಿಯಿಲ್ಲದೆ ಯಾರೂ ಇದನ್ನು ಬಳಸತಕ್ಕದ್ದಲ್ಲ.

ಈ ಎರಡು ಔಷಧಗಳೂ ಬಳಸುತ್ತಿರುವವರೆಗೆ ಮಾತ್ರ ಫಲ ಕೊಡುತ್ತವೆ. ನಿಲ್ಲಿಸಿದರೆ ಉಳಿದಿದ್ದ ಕೂದಲು ಕೆಲವು ತಿಂಗಳಲ್ಲಿ ಮತ್ತೆ ಉದುರತೊಡಗುತ್ತದೆ.

ಕೂದಲು ಕಸಿ: ತಲೆಯ ಹಿಂಭಾಗದ ಕೂದಲು ಹಾರ್ಮೋನಿಗೆ ಸುಲಭವಾಗಿ ಸೋಲುವುದಿಲ್ಲ. ಅದನ್ನು ಬೇರುಸಹಿತ ತೆಗೆದು ಮುಂದೆ ನೆಡಲಾಗುತ್ತದೆ. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಬಳಿಕ ಹೊಸದಾಗಿ ಮೊಳೆಯುತ್ತದೆ. ಪೂರ್ಣ ಫಲಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ತೀರ ಎಳೆಯ ವಯಸ್ಸಿನಲ್ಲಿ ಅವಸರಪಟ್ಟು ಕಸಿ ಮಾಡಿಸಿಕೊಂಡರೆ, ಅದರ ಹಿಂದಿನ ಸ್ವಂತ ಕೂದಲು ಮುಂದೆ ಉದುರಿ, ನೆಟ್ಟ ಕೂದಲು ಮಾತ್ರ ದ್ವೀಪದಂತೆ ಉಳಿಯಬಹುದು. ಇದು ಶಸ್ತ್ರಚಿಕಿತ್ಸೆಯಾದುದರಿಂದ ತರಬೇತಿ ಪಡೆದ ನೋಂದಾಯಿತ ವೈದ್ಯರಿಂದಲೇ ಮಾಡಿಸಿಕೊಳ್ಳಬೇಕು. ಸೌಂದರ್ಯ ಮಳಿಗೆಗಳಲ್ಲಿ ಅಲ್ಲ.

ಜಾಹೀರಾತಿಗೆ ಮರುಳಾಗದಿರಿ

1945ರ ಔಷಧ ನಿಯಮಗಳ ಅನುಸೂಚಿ ‘ಜೆ’ಯಲ್ಲಿ ಬೋಳುತನವೂ ಸೇರಿದೆ. ಈ ಪಟ್ಟಿಯಲ್ಲಿರುವ ತೊಂದರೆಗಳನ್ನು ಗುಣಪಡಿಸುವುದಾಗಿ ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಆದುದರಿಂದ ‘ಬೋಳುತಲೆಗೆ ಶಾಶ್ವತ ಪರಿಹಾರ’ ಎಂಬ ಭರವಸೆಯನ್ನು ಎಲ್ಲಿ ಕಂಡರೂ ಎಚ್ಚರಗೊಳ್ಳುವುದು ಒಳಿತು.

ಹಣೆಯಂಚು ಸರಿಯುತ್ತಿದೆ ಎಂಬ ಅನುಮಾನವಿದ್ದರೆ, ಒಂದೇ ಬೆಳಕಿನಲ್ಲಿ ಮೂರು ತಿಂಗಳಿಗೊಮ್ಮೆ ಛಾಯಾಚಿತ್ರ ತೆಗೆದು ಹೋಲಿಸಿ ನೋಡಿ. ಬದಲಾವಣೆ ಖಚಿತವಾದರೆ ಚರ್ಮರೋಗ ತಜ್ಞರನ್ನು ಕಾಣಿರಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಈ ವಿಭಾಗವಿರುತ್ತದೆ. ಚಿಕಿತ್ಸೆಯೇ ಬೇಡವೆಂದು ನಿಶ್ಚಿಂತೆಯಿಂದ ಇರುವುದೂ ತಪ್ಪಲ್ಲ. ಅದರಿಂದ ದೇಹಕ್ಕೆ ಯಾವ ಕೇಡೂ ಇಲ್ಲ.