ಪ್ರಪೋಸ್ ಮಾಡೋಕೆ ಬೆಟ್ಟಕ್ಕೆ ಹೊರಟಿದ್ದೀರಾ? ತುದಿಯಲ್ಲಿ ಮಾತ್ರ ಕೇಳಬೇಡಿ

ಉಂಗುರವನ್ನು ಬಚ್ಚಿಟ್ಟದ್ದು ಫಸ್ಟ್ ಏಡ್ ಡಬ್ಬಿಯಲ್ಲಿ. ಬ್ಯಾಂಡೇಜ್ ಸುರುಳಿಯ ಕೆಳಗೆ, ಜ್ವರದ ಮಾತ್ರೆಯ ಪಕ್ಕ. ನನ್ನ ಬ್ಯಾಗಿನಲ್ಲಿ ಅವಳು ಕೈ ಹಾಕದ ಜಾಗ ಅದೊಂದೇ ಅಂತ ನನಗೆ ಗೊತ್ತಿತ್ತು.

ನವೆಂಬರ್ ತಿಂಗಳ ಒಂದು ಶನಿವಾರ. ಕೊಡಚಾದ್ರಿ. ಕೊಲ್ಲೂರಿನಿಂದ ಜೀಪ್ ಹತ್ತಿದ್ದೆವು. ಆ ದಾರಿಯಲ್ಲಿ ಹೋದವರಿಗೆ ಗೊತ್ತು, ಅದು ಪ್ರಯಾಣವಲ್ಲ, ಒನಕೆಯ ಕೆಳಗಿನ ಭತ್ತದ ಅನುಭವ. ಜೀಪ್ ಇಳಿದ ಮೇಲೂ ಸರ್ವಜ್ಞ ಪೀಠಕ್ಕೆ ನಡೆದೇ ಹತ್ತಬೇಕು. 1,343 ಮೀಟರ್ ಎತ್ತರದ ಬೆಟ್ಟ, ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಪುಟ್ಟ ಕಲ್ಲಿನ ಮಂಟಪ, ಪಶ್ಚಿಮದ ಕಡೆ ಮುಳುಗುವ ಸೂರ್ಯ. ಇನ್ನೇನು ಬೇಕು?

ಇಬ್ಬರು ಗೆಳೆಯರಿಗೆ ಮೊಬೈಲ್ ಹಿಡಿದು ನಿಲ್ಲಲು ಹೇಳಿದ್ದೆ. ಸೂರ್ಯ ಕೆಂಪಾದ ಕೂಡಲೇ ಮಂಡಿಯೂರಿದೆ. ಸುತ್ತ ಇದ್ದ ನಲವತ್ತು ಐವತ್ತು ಜನ ಒಮ್ಮೆಗೇ ತಿರುಗಿದರು. ಯಾರೋ ಸಿಳ್ಳೆ ಹೊಡೆದರು. "ಎಸ್ ಹೇಳ್ರೀ ಮೇಡಂ!" ಅಂತ ಹಿಂದಿನಿಂದ ಕೂಗು. ಅವಳು ನಕ್ಕಳು, ಕೈ ಚಾಚಿದಳು, ಚಪ್ಪಾಳೆ ಬಿತ್ತು. ವಿಡಿಯೊ ಇವತ್ತಿಗೂ ಚೆನ್ನಾಗಿದೆ. ನೋಡಿದವರಿಗೆ ಏನೂ ಗೊತ್ತಾಗಲ್ಲ.

ಕೆಳಗಿಳಿಯುವ ಜೀಪಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ರಾತ್ರಿ ಊಟ ಮುಗಿದ ಮೇಲೆ ಉಂಗುರ ತೆಗೆದು ಮೇಜಿನ ಮೇಲಿಟ್ಟಳು.

"ನೀನು ನನ್ನನ್ನ ಕೇಳ್ಲಿಲ್ಲ ಕಣೋ. ಅಲ್ಲಿದ್ದವರಿಗೆ ತೋರಿಸಿದೆ. ಅಷ್ಟು ಜನರ ಮುಂದೆ ನಾನು ಇನ್ನೇನು ಹೇಳೋಕಾಗ್ತಿತ್ತು?"

ಅವಳ ಅಪ್ಪ ತೀರಿಕೊಂಡು ಆಗ ಒಂದು ವರ್ಷ. ಅಮ್ಮ ದಾವಣಗೆರೆಯಲ್ಲಿ ಒಬ್ಬರೇ. ಒಬ್ಬಳೇ ಮಗಳು. ನಮ್ಮಿಬ್ಬರ ನಡುವೆ ಪ್ರೀತಿ ಇದೆಯೋ ಇಲ್ಲವೋ ಎಂಬುದು ಅವಳ ಪ್ರಶ್ನೆಯೇ ಆಗಿರಲಿಲ್ಲ. ಮದುವೆಯಾದ ಮೇಲೆ ಅಮ್ಮ ಎಲ್ಲಿರುತ್ತಾರೆ? ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೇಳದೆಯೇ ಉಂಗುರದ ಅಳತೆ ಪತ್ತೆ ಮಾಡಿದ್ದೆ.

ಏಕಾಂತ ಅಂದ್ರೆ ಎಂಥ ಜಾಗ?

ಅದಾಗಿ ಒಂದು ವರ್ಷದಲ್ಲಿ ನಾವಿಬ್ಬರೂ ಹಲವು ಬೆಟ್ಟ ಹತ್ತಿದೆವು. ಅವಳ ಷರತ್ತು ಒಂದೇ: "ಉಂಗುರದ ಸುದ್ದಿ ಎತ್ತಬೇಡ." ಹೀಗೆ ತಿರುಗುವಾಗ ಅರ್ಥವಾದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಆಫೀಸ್ ಬಸ್ಸಿನಲ್ಲಿ ಕೂತು 'ಪ್ರಪೋಸ್ ಮಾಡಲು ಒಳ್ಳೆ ಜಾಗ' ಅಂತ ಹುಡುಕುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲ ಮಾತು: ಫೋಟೊದಲ್ಲಿ ಏಕಾಂತವಾಗಿ ಕಾಣುವ ಜಾಗಗಳು ವಾರಾಂತ್ಯದಲ್ಲಿ ಹಾಗಿರುವುದಿಲ್ಲ. ನಂದಿಬೆಟ್ಟ, ಸ್ಕಂದಗಿರಿಯ ಸೂರ್ಯೋದಯಕ್ಕೆ ಅರ್ಧ ಬೆಂಗಳೂರೇ ಬಂದಿರುತ್ತದೆ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ (1,930 ಮೀಟರ್) ತುದಿಯ ಹತ್ತಿರದವರೆಗೂ ರಸ್ತೆ ಇದೆ, ಹಾಗಾಗಿ ಕಾರುಗಳ ಸಾಲೂ ಇದೆ. ಕುಮಾರ ಪರ್ವತದ ಬುಡದಲ್ಲಿ 2024ರ ಜನವರಿ ಕೊನೆಯಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತ ವಿಡಿಯೊ ನೀವೂ ನೋಡಿರಬಹುದು. ಅದಾದ ಮೇಲೆಯೇ ಚಾರಣಿಗರ ಸಂಖ್ಯೆಗೆ ಮಿತಿ, ಮುಂಗಡ ಬುಕಿಂಗ್ ಎಲ್ಲ ಬಿಗಿಯಾದದ್ದು. ಜನ ಕಡಿಮೆಯಾದರೂ ಕುಮಾರ ಪರ್ವತವನ್ನು ಈ ಕೆಲಸಕ್ಕೆ ನಾನು ಹೇಳಲ್ಲ. ಆ ಏರು ಹತ್ತಿದವರ ಬಾಯಲ್ಲಿ ಬರುವ ಮೊದಲ ಮಾತು 'ನೀರು', 'ಐ ಲವ್ ಯೂ' ಅಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ತೀರಾ ಏಕಾಂತವೂ ಒಂದು ಒತ್ತಡವೇ. ನೆಟ್‌ವರ್ಕ್ ಇಲ್ಲದ, ಬೇರೆ ಯಾರೂ ಇಲ್ಲದ ಬೆಟ್ಟದ ತುದಿಯಲ್ಲಿ ಕೇಳಿದಿರಿ ಅಂತಿಟ್ಟುಕೊಳ್ಳಿ. ಅವರಿಗೆ 'ಬೇಡ' ಅನ್ನಬೇಕಿದ್ದರೆ? 'ಯೋಚಿಸಬೇಕು' ಅನ್ನಬೇಕಿದ್ದರೆ? ಅಲ್ಲಿಂದ ಎದ್ದು ಹೋಗಲು ಆಟೊ ಸಿಗಲ್ಲ. ಮೂರು ಗಂಟೆ ನಿಮ್ಮ ಜೊತೆಯಲ್ಲೇ, ನಿಮ್ಮ ಕೈ ಹಿಡಿದೇ ಇಳಿಯಬೇಕು. ಆ ಲೆಕ್ಕಾಚಾರದಲ್ಲಿ ಬಂದ 'ಹೂಂ' ನಿಮಗೆ ಬೇಕಾ? ಜನಜಂಗುಳಿಯಲ್ಲಿ ಕೇಳುವುದು ಎಷ್ಟು ತಪ್ಪೋ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಕೇಳುವುದೂ ಅಷ್ಟೇ ತಪ್ಪು.

ಹಾಗಾದರೆ ಎಲ್ಲಿ?

ಮಾತಿಗೆ ಜಾಗ ಕೊಡುವ ದಾರಿಗಳು

*ಕುರಿಂಜಾಲ್:* ಕುದುರೆಮುಖ ಪಟ್ಟಣದ ಹತ್ತಿರವೇ ಶುರುವಾಗುವ ಹಾದಿ. ಬಹುಪಾಲು ಕಾಡಿನ ನೆರಳು, ಕೊನೆಗೆ ಹುಲ್ಲುಗಾವಲು. ಕುದುರೆಮುಖಕ್ಕಿಂತ ಸಲೀಸು, ಏದುಸಿರು ಕಡಿಮೆ. ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲದ ದಾರಿ ಸಾಕಷ್ಟು ದೂರ ಸಿಗುತ್ತದೆ. ಕೊಡಚಾದ್ರಿಯ ನಂತರ ಜನವರಿಯಲ್ಲಿ ನಾವು ಹೋದದ್ದು ಇಲ್ಲಿಗೇ. ಎದುರುಬದುರು ಕೂತಾಗ ಬಾರದ ಮಾತು, ಇಬ್ಬರೂ ಮುಂದೆ ನೋಡಿಕೊಂಡು ನಡೆಯುವಾಗ ತಾನಾಗೇ ಬಂತು. "ಅಮ್ಮ ರಾತ್ರಿ ಟಿವಿ ಆಫ್ ಮಾಡಲ್ಲ, ಮನೇಲಿ ಶಬ್ದ ಇರ್ಲಿ ಅಂತ" ಎಂದಳು. ನಾನು ಉತ್ತರ ಕೊಡಲಿಲ್ಲ. ಪರಿಹಾರ ಹೇಳುವ ಅಭ್ಯಾಸದವನು ನಾನು. ಅವತ್ತು ಹೇಗೋ ಬಾಯಿ ಮುಚ್ಚಿಕೊಂಡಿದ್ದೆ.

*ಎತ್ತಿನ ಭುಜ:* ಮೂಡಿಗೆರೆ ಕಡೆಯಿಂದ ಬೈರಾಪುರಕ್ಕೆ ಬಂದರೆ, ದೇವಸ್ಥಾನದ ಹತ್ತಿರದಿಂದ ನಡಿಗೆ. ದೂರ ಕಡಿಮೆ, ಎತ್ತಿನ ಡುಬ್ಬದಂಥ ಕೊನೆಯ ಬಂಡೆ ಮಾತ್ರ ಕಡಿದು. ಮೊದಲ ಸಲ ಚಾರಣಕ್ಕೆ ಬರುವ ಜೋಡಿಗೆ ಒಳ್ಳೆಯದು. ಡುಬ್ಬ ಹತ್ತುವ ಮೊದಲು ಸಿಗುವ ಹುಲ್ಲುಗಾವಲಿನಲ್ಲಿ ಕೂರಿ. ಬಂಡೆಯ ಅಂಚಿನಲ್ಲಿ ಮಂಡಿಯೂರುವ ಸಾಹಸ ಬೇಡ.

*ಕುದುರೆಮುಖ:* 1,894 ಮೀಟರ್. ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಶೋಲಾ ಕಾಡು, ಹಳ್ಳಗಳು, ಅಲೆಅಲೆಯಾದ ಹಸಿರು ಗುಡ್ಡ. ದಾರಿಯಲ್ಲಿ 'ಒಂಟಿಮರ' ಅಂತಲೇ ಹೆಸರಾದ ಜಾಗವಿದೆ. ಹೆಸರು ಒಂಟಿ, ಆದರೆ ಅಲ್ಲಿ ಎಲ್ಲರೂ ಜೊತೆಯಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇಬ್ಬರಿಗೂ ನಡೆದು ಅಭ್ಯಾಸವಿದ್ದರೆ ಮಾತ್ರ ಹೋಗಿ.

*ತಡಿಯಂಡಮೋಳ್:* 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆಯ ಕಾಫಿ ತೋಟಗಳ ನಡುವಿನಿಂದ ದಾರಿ. ಬುಡದಲ್ಲಿ 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ. ಇದರ ಬಗ್ಗೆ ಆಮೇಲೆ ಹೇಳುತ್ತೇನೆ.

ಹೊರಡುವ ಮುನ್ನ

ಮೇಲಿನ ಬಹುತೇಕ ಚಾರಣಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಅಪಾಯದ ಕಾರಣಕ್ಕೆ ದಾರಿ ಮುಚ್ಚುವುದುಂಟು. ಹೋಗುವ ವಾರವೇ ಮತ್ತೊಮ್ಮೆ ವಿಚಾರಿಸಿ. ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋದರೆ ಏಕಾಂತ ತಾನಾಗೇ ಸಿಗುತ್ತದೆ.

ಬಲೂನು, ಪ್ಲಾಸ್ಟಿಕ್ ಹೂವು, ಆಕಾಶಬುಟ್ಟಿ, ಪಟಾಕಿ, ಡ್ರೋನ್ ಯಾವುದೂ ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು. ನಿಮ್ಮ ಸಂಭ್ರಮದ ಕಸ ಹೆಕ್ಕಲು ಗಾರ್ಡ್ ಬರಬೇಕೇ? ಮಳೆ ಬಿಟ್ಟ ಹೊಸತರಲ್ಲಿ ಇಂಬಳಗಳಿರುತ್ತವೆ, ಉದ್ದ ಕಾಲುಚೀಲ ಹಾಕಿಕೊಳ್ಳಿ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಕತ್ತಲಾಗುವ ಮುನ್ನ ಕೆಳಗಿರಬೇಕು. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಇಬ್ಬರ ಕಡೆಯ ಒಬ್ಬೊಬ್ಬರಿಗಾದರೂ ಹೇಳಿ ಹೊರಡಿ. ಮನೆಯಲ್ಲಿ ಸುಳ್ಳು ಹೇಳಿ ಬೆಟ್ಟ ಹತ್ತುವವರು ದಾರಿ ತಪ್ಪಿದರೆ ಹುಡುಕುವವರಿಗೂ ಕಷ್ಟ.

ಇನ್ನೊಂದು. ಗಂಟೆಗಟ್ಟಲೆ ನಡೆದಾಗ ಕೈಬೆರಳು ಊದಿಕೊಳ್ಳುತ್ತದೆ. ಸರಿಯಾದ ಅಳತೆಯ ಉಂಗುರವೂ ಒಳಗೆ ಹೋಗುವುದಿಲ್ಲ. ಇದನ್ನು ಯಾವ ಆಭರಣದಂಗಡಿಯವರೂ ಹೇಳುವುದಿಲ್ಲ. ನನಗೆ ಹೇಗೆ ಗೊತ್ತು ಅಂತೀರಾ?

ಬಂಡೆಯ ಪಕ್ಕದ ತೊರೆ

ಕೊಡಚಾದ್ರಿಯಾಗಿ ವರ್ಷ ಕಳೆದಿತ್ತು. ಮತ್ತೆ ನವೆಂಬರ್, ಈ ಸಲ ಬುಧವಾರ. ತಡಿಯಂಡಮೋಳ್ ತುದಿಯಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ತಿಂದು ಇಳಿದೆವು. ಆ ಒಂದು ವರ್ಷದಲ್ಲಿ ನಾನು ನಾಲ್ಕು ಸಲ ದಾವಣಗೆರೆಗೆ ಹೋಗಿದ್ದೆ, ಎರಡು ಸಲ ಅವಳಿಲ್ಲದೆ. ಅಮ್ಮನ ಗ್ಯಾಸ್ ಬುಕಿಂಗ್ ಸಮಸ್ಯೆ, ಮೊಣಕಾಲಿನ ಎಕ್ಸ್‌ರೇ, ಪಕ್ಕದ ಮನೆಯವರ ಜಗಳ ಎಲ್ಲ ಗೊತ್ತಾಗಿತ್ತು. ಬೆಂಗಳೂರಿಗೆ ಬರಲು ಅವರಿಗೆ ಇಷ್ಟವಿಲ್ಲ ಅನ್ನುವುದೂ ಗೊತ್ತಾಗಿತ್ತು.

ಅರ್ಧ ದಾರಿಯಲ್ಲಿ ದೊಡ್ಡ ಬಂಡೆ, ಹತ್ತಿರದಲ್ಲಿ ಸಣ್ಣ ತೊರೆ. ಅವಳ ಹಿಮ್ಮಡಿಯಲ್ಲಿ ಶೂ ಕಚ್ಚಿ ಗುಳ್ಳೆ ಎದ್ದಿತ್ತು. ನನ್ನ ಬ್ಯಾಗಿಗೆ ಕೈ ಹಾಕಿ ಫಸ್ಟ್ ಏಡ್ ಡಬ್ಬಿ ತೆಗೆದಳು. ಬ್ಯಾಂಡೇಜ್ ಸುರುಳಿ ಎತ್ತಿದಳು. ಒಂದು ಕ್ಷಣ ಸುಮ್ಮನಾದಳು.

"ಇದು ಇನ್ನೂ ಇಲ್ಲೇ ಇದ್ಯಾ?"

"ಬೇರೆ ಎಲ್ಲಿಡ್ಲಿ ಅಂತ ಗೊತ್ತಾಗ್ಲಿಲ್ಲ" ಅಂದೆ. ನಿಜ ಅದೇ.

ಅವಳು ಕಾಲನ್ನು ನೀರಿಗಿಟ್ಟುಕೊಂಡು ಕೂತಳು. ನಾನು ಮಂಡಿಯೂರಲಿಲ್ಲ, ಪಕ್ಕದಲ್ಲಿ ಕೂತೆ. "ಅಮ್ಮ ಬೆಂಗಳೂರಿಗೆ ಬರಲ್ಲ. ನನಗೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ. ತಿಂಗಳಲ್ಲಿ ಒಂದು ವಾರ ನಾವೇ ದಾವಣಗೆರೆಯಲ್ಲಿ ಇದ್ರೆ ಆಗುತ್ತಾ? ಸರಿ ಹೋಗಲ್ಲ ಅನ್ಸಿದ್ರೆ ಹೇಳು, ಬೇರೆ ಯೋಚಿಸೋಣ."

ತುಂಬ ಹೊತ್ತು ಉತ್ತರ ಬರಲಿಲ್ಲ. ಕೊನೆಗೆ ಅಂದಳು: "ಸರಿ. ಈಗ ಇನ್ನೊಂದು ಪ್ರಶ್ನೆ ಕೇಳು."

ಕೇಳಿದೆ. ಹೂಂ ಅಂದಳು. ಉಂಗುರ ಬೆರಳಿನ ಗಿಣ್ಣು ದಾಟಲೇ ಇಲ್ಲ. ಇಬ್ಬರಿಗೂ ನಗು. ಅದನ್ನು ಮತ್ತೆ ಡಬ್ಬಿಯಲ್ಲೇ ಇಟ್ಟು ಇಳಿದೆವು.

ನಾಲ್ಕುನಾಡು ಅರಮನೆಯ ಮುಂದೆ ಒಂದು ಪುಟ್ಟ ಮಂಟಪವಿದೆ, ರಾಜನ ಮದುವೆ ಅಲ್ಲೇ ಆಯಿತು ಅಂತ ಹೇಳುತ್ತಾರೆ. ಅದು ನಮಗೆ ಆಗ ಗೊತ್ತಿರಲಿಲ್ಲ, ನೆರಳಿದೆ ಅಂತ ಹತ್ತಿರ ಕೂತದ್ದು. ಅರ್ಧ ಗಂಟೆ ಕಳೆದಿರಬೇಕು. ಅವಳು ಬೆರಳು ಮಡಚಿ ಬಿಚ್ಚಿ ನೋಡಿಕೊಂಡು, "ಡಬ್ಬಿ ಕೊಡು" ಅಂದಳು. ಈ ಸಲ ಉಂಗುರ ಸಲೀಸಾಗಿ ಕೂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋಟೊ ತೆಗೆಯೋದು ಇಬ್ಬರಿಗೂ ಮರೆತುಹೋಗಿತ್ತು. ಕಕ್ಕಬ್ಬೆಗೆ ಇಳಿದು ನೆಟ್‌ವರ್ಕ್ ಬಂದ ಕೂಡಲೇ ಅವಳು ಮೊದಲು ಮಾಡಿದ ಕರೆ ದಾವಣಗೆರೆಗೆ.