ಮೊಟ್ಟೆಯ ಕಂಪೆನಿಯೂ ಹಕ್ಕಿಗಳ ಬಂಡೆಯೂ

ಜನವಸತಿಯಿಲ್ಲದ ಭೂಮಿಗೆ ಒಡೆಯರೇ ಇಲ್ಲವೆಂಬ ಭಾವನೆ ವ್ಯಾಪಾರಿಗಳಲ್ಲಿ ಎಲ್ಲೆಡೆಯೂ ಕಂಡುಬರುತ್ತದೆ. ಅದರ ಪರಿಣಾಮವನ್ನು ತಿಳಿಯಬಯಸುವ ವಾಚಕರು ಫ್ಯಾರಲಾನ್ ದ್ವೀಪಗಳ ವೃತ್ತಾಂತವನ್ನು ನೋಡಬೇಕು. ಅಮೆರಿಕದ ಪಶ್ಚಿಮ ತೀರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ರೇವಿನಿಂದ ಸುಮಾರು 43 ಕಿಲೋಮೀಟರು ಆಚೆ, ಮಂಜು ಕವಿದ ಸಮುದ್ರದಲ್ಲಿ ಎದ್ದುನಿಂತ ಬೋಳುಬಂಡೆಗಳಿವು. ಊರಿಲ್ಲ, ಕೇರಿಯಿಲ್ಲ, ಇರುವುದು ಕಡಲಹಕ್ಕಿಗಳ ಮಹಾಸಮೂಹ, ಶಿಖರದ ಮೇಲೊಂದು ದೀಪಸ್ತಂಭ.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತು. ನಾಲ್ಕು ದಿಕ್ಕಿನಿಂದಲೂ ಜನರು ಬಂದು ನೆರೆದರು. ಚಿನ್ನವಿದ್ದ ಪಟ್ಟಣದಲ್ಲಿ ಕೋಳಿಗಳಿರಲಿಲ್ಲ. ಆಗ ಕೆಲವರ ಕಣ್ಣು ಈ ಬಂಡೆಗಳ ಮೇಲೆ ಬಿದ್ದಿತು. ಅಲ್ಲಿ ಗಿಲ್ಲಿಮಾಟ್ ಎಂಬ ಹಕ್ಕಿಯು ಗೂಡನ್ನೂ ಕಟ್ಟದೆ ಬರಿಯ ಕಲ್ಲಿನ ಮೇಲೆ ಒಂದೇ ಮೊಟ್ಟೆಯನ್ನಿಡುತ್ತದೆ. ಅದು ಕೋಳಿಮೊಟ್ಟೆಗಿಂತ ಬಹಳ ದೊಡ್ಡದು. ಡಜನ್ನಿಗೆ ಒಂದು ಡಾಲರು ಬೆಲೆ ಬಂದಿತು. 1854ರಲ್ಲಿ ಎರಡು ತಿಂಗಳೊಳಗಾಗಿ 5 ಲಕ್ಷಕ್ಕೂ ಹೆಚ್ಚು ಮೊಟ್ಟೆಗಳು ಮಾರಾಟವಾದುವೆಂದು ಹೇಳಲಾಗಿದೆ. ಸಂಗ್ರಹಿಸುವ ಕ್ರಮವನ್ನು ಕೇಳಿದರೆ ಮನಸ್ಸು ಕುಗ್ಗುತ್ತದೆ. ಮೊದಲ ದಿನ ಕಂಡ ಮೊಟ್ಟೆಗಳನ್ನೆಲ್ಲ ಒಡೆದುಹಾಕುವರು. ಆಮೇಲೆ ಹಕ್ಕಿ ಮತ್ತೆ ಇಟ್ಟ ಮೊಟ್ಟೆಯು ತಾಜಾ ಎಂಬುದು ನಿಶ್ಚಯವಷ್ಟೆ! ಬೆದರಿ ಹಾರಿದ ಹಕ್ಕಿಗಳ ಹಿಂದೆ ಉಳಿದುದನ್ನು ಕಡಲಕಾಗೆಗಳು ಕಬಳಿಸುತ್ತಿದ್ದುವು.

ದ್ವೀಪವು ಸರಕಾರದ ಸ್ವತ್ತು. 1855ರಲ್ಲಿ ಅಲ್ಲಿ ದೀಪವೂ ಬೆಳಗಿತು. ಆದರೂ ಪೆಸಿಫಿಕ್ ಮೊಟ್ಟೆ ಕಂಪೆನಿಯು ಅದನ್ನು ತನ್ನ ಜಹಗೀರಿಯೆಂದೇ ಎಣಿಸಿತು. 1863ರಲ್ಲಿ ಎದುರುಪಕ್ಷದ ಬೆಸ್ತರು ದೋಣಿಗಳಲ್ಲಿ ಬಂದಾಗ ಗುಂಡುಗಳು ಹಾರಿ ಇಬ್ಬರು ಮೃತರಾದರು. ಸರಕಾರವು ಸೈನಿಕರನ್ನು ಕಳುಹಿಸಿ ಕಂಪೆನಿಯನ್ನು ಹೊರಡಿಸಿದುದು 1881ರಲ್ಲಿ. ಇಷ್ಟು ವಿಳಂಬವೇಕೆಂದು ಕೇಳುವ ಹಕ್ಕು ಹಕ್ಕಿಗಳಿಗಿರಲಿಲ್ಲ. ಕಂಪೆನಿ ಹೋದ ಮೇಲೆ ದೀಪದ ಕಾವಲುಗಾರರೇ ಮೊಟ್ಟೆಯ ವ್ಯಾಪಾರಕ್ಕಿಳಿದುದನ್ನೂ ನಾವು ಮುಚ್ಚಿಡಲಾರೆವು. 1890ರ ದಶಕದಲ್ಲಿ ಮೇಲಧಿಕಾರಿಗಳು ಅದನ್ನು ನಿಷೇಧಿಸಬೇಕಾಯಿತು. ನಿಜವಾಗಿ ವ್ಯಾಪಾರವನ್ನು ಕೊಂದದ್ದು ಆಜ್ಞೆಗಿಂತಲೂ ಹೆಚ್ಚಾಗಿ ಪೆಟಲೂಮದ ಕೋಳಿ ಸಾಕಣೆ. ಅಷ್ಟರಲ್ಲಿ ಲಕ್ಷಗಳ ಲೆಕ್ಕದಲ್ಲಿದ್ದ ಗಿಲ್ಲಿಮಾಟುಗಳು ಕ್ಷೀಣಿಸಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹಳ ಕಡಿಮೆಯಾಗಿದ್ದುವು. ಹಡಗುಗಳು ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಉಳಿದುವನ್ನೂ ಬಾಧಿಸಿತು.

1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಈ ದ್ವೀಪಗಳನ್ನು ಪಕ್ಷಿಗಳಿಗಾಗಿ ಕಾದಿರಿಸಿದರು. ಆದರೆ ಹಕ್ಕಿಗಳು ಅತ್ಯಧಿಕವಾಗಿದ್ದ, ದೀಪಸ್ತಂಭವಿದ್ದ ದಕ್ಷಿಣ ದ್ವೀಪವು ಆ ಆಜ್ಞೆಯ ಹೊರಗುಳಿಯಿತು! ಅದು ಸೇರಿದುದು 1969ರಲ್ಲಿ. 1972ರಲ್ಲಿ ದೀಪವು ಸ್ವಯಂಚಾಲಿತವಾಗಿ ಕಾವಲುಗಾರರು ಹಿಂದಿರುಗಿದರು. ಈಗ ಪಕ್ಷಿಶಾಸ್ತ್ರಜ್ಞರ ಹೊರತು ಸಾರ್ವಜನಿಕರಿಗೆ ಅಲ್ಲಿ ಇಳಿಯಲು ಅನುಮತಿಯಿಲ್ಲ. ಗಿಲ್ಲಿಮಾಟುಗಳು ಮತ್ತೆ ಲಕ್ಷಗಳನ್ನು ಮುಟ್ಟಿವೆ.