ದೀವಳಿಗೆಯ ರಾತ್ರಿಯ ಅತಿಥಿಗಳು: ಕುದುರೆಮುಖ ಸೀಮೆಯ ಚಳಿಗಾಲದ ಐತಿಹ್ಯಗಳನ್ನು ಕುರಿತು

ಪಶ್ಚಿಮಘಟ್ಟದ ಸಾಲಿನಲ್ಲಿ ಸುಮಾರು 1894 ಮೀಟರುಗಳ ಎತ್ತರಕ್ಕೆ ಎದ್ದಿರುವ ಕುದುರೆಮುಖ ಶಿಖರದ ಆಸುಪಾಸಿನ ನಾಡು ಎರಡು ಸೀಮೆಗಳ ಸಂಧಿಸ್ಥಾನವಾಗಿದೆ. ಶಿಖರದ ಮೂಡಣಕ್ಕೆ ಕಳಸ, ಮೂಡಿಗೆರೆ, ಶೃಂಗೇರಿ, ಕೊಪ್ಪಗಳ ಮಲೆನಾಡು. ಪಡುವಣಕ್ಕೆ ಘಟ್ಟವಿಳಿದರೆ ಕಾರ್ಕಳ, ಬೆಳ್ತಂಗಡಿಗಳ ತುಳುನಾಡು. ಬಯಲುಸೀಮೆಯಲ್ಲಿರುವಂತೆ ಇಲ್ಲಿ ಮನೆಗಳು ಒತ್ತಾಗಿ ಸೇರಿ ಊರಾಗಿಲ್ಲ. ಗದ್ದೆಯ ಕೋವಿಗೊಂದು, ಗುಡ್ಡದ ಓರೆಗೊಂದು ಒಂಟಿ ಮನೆ. ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕ ಕೊಚ್ಚಿಹೋಯಿತೆಂದರೆ ನೆರೆಯ ಮನೆಯೂ ದೂರದೇಶವೇ ಸರಿ. ಆಶ್ವಯುಜ ಮಾಸವು ಮುಗಿಯುತ್ತ ಬಂದಂತೆ ಮಳೆ ಹಿಮ್ಮೆಟ್ಟಿ, ಬತ್ತದ ತೆನೆ ಬಲಿತು, ಬೆಳಗಿನ ಮಂಜು ಕಣಿವೆಗಳಲ್ಲಿ ನಿಲ್ಲತೊಡಗುತ್ತದೆ. ಪಂಚಾಂಗದ ಪ್ರಕಾರ ಇದಿನ್ನೂ ಶರದೃತು. ಆದರೆ ಮಲೆನಾಡಿಗರ ಲೆಕ್ಕದಲ್ಲಿ ಚಳಿ ಕಾಲಿಡುವುದು ದೀವಳಿಗೆಯೊಂದಿಗೆ. ಆ ಹಬ್ಬದಿಂದ ಮೊದಲಾಗಿ ಸುಗ್ಗಿಯವರೆಗಿನ ಅವಧಿಯೇ ಈ ನಾಡಿನಲ್ಲಿ ದೈವ, ಭೂತ, ಪಿತೃಗಳ ಕಥೆಗಳಿಗೆ ಉಚಿತವಾದ ಕಾಲ.

ಇಂತಹ ಕಥೆಗಳ ವಿಷಯದಲ್ಲಿ ವಿದ್ಯಾವಂತರು ಎರಡು ಬಗೆಯ ನಿಲುವನ್ನು ತಾಳುವುದುಂಟು. ಮೂಢನಂಬಿಕೆಯೆಂದು ಅವನ್ನು ತಳ್ಳಿಹಾಕುವುದು ಒಂದು. ಕಥೆಯಲ್ಲಿ ಬರುವ ಅರಸರ, ಶಿಲ್ಪಿಗಳ ಹೆಸರುಗಳನ್ನು ಹಿಡಿದು ಅದನ್ನೇ ಇತಿಹಾಸವೆಂದು ಸಾಧಿಸಲು ಹೊರಡುವುದು ಇನ್ನೊಂದು. ಇವೆರಡರಿಂದಲೂ ಪ್ರಯೋಜನ ಕಡಮೆ. ಚಳಿಗಾಲದ ಈ ಐತಿಹ್ಯಗಳಲ್ಲಿ ಬಹುಪಾಲು ಒಂದೇ ಸನ್ನಿವೇಶವನ್ನು ಮತ್ತೆ ಮತ್ತೆ ನಿರೂಪಿಸುತ್ತವೆ: ಕತ್ತಲಲ್ಲಿ ಯಾರೋ ಬಾಗಿಲಿಗೆ ಬರುತ್ತಾರೆ, ಬಂದವರಿಗೆ ಸಲ್ಲತಕ್ಕದ್ದೊಂದಿದೆ, ಮನೆಯವರು ಅದನ್ನು ಸಲ್ಲಿಸಬೇಕು. ಆದುದರಿಂದ ಇವನ್ನು ಭಯದ ಕಥೆಗಳೆನ್ನುವುದಕ್ಕಿಂತ ಋಣದ ಕಥೆಗಳೆಂದು ಓದುವುದು ಯುಕ್ತವೆಂಬುದು ಈ ಲೇಖನದ ಅಭಿಪ್ರಾಯ.

ಮೊದಲ ಅತಿಥಿ ಬಲಿ ಚಕ್ರವರ್ತಿ. ವಾಮನನಿಗೆ ಮೂರು ಹೆಜ್ಜೆ ನೆಲವನ್ನು ದಾನಮಾಡಿ ಪಾತಾಳಕ್ಕೆ ತುಳಿಯಲ್ಪಟ್ಟ ಈ ದೊರೆಯು ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುತ್ತಾನೆಂಬ ನಂಬಿಕೆ ಬಹು ಪ್ರಾಚೀನವಾದುದು. ಕ್ರಿ.ಶ. 1030ರ ಸುಮಾರಿನಲ್ಲಿ ಭಾರತವನ್ನು ಕುರಿತು ಗ್ರಂಥ ರಚಿಸಿದ ಅಲ್ ಬಿರೂನಿಯು ದೀಪಾವಳಿಯನ್ನು ವರ್ಣಿಸುವಾಗ, ಬಂದಿಯಾಗಿರುವ ಬಲಿಯನ್ನು ಆ ದಿನ ಲಕ್ಷ್ಮಿಯು ಬಿಡುಗಡೆ ಮಾಡಿ ಭೂಲೋಕಕ್ಕೆ ಕಳುಹಿಸುತ್ತಾಳೆಂದು ಬರೆದಿದ್ದಾನೆ. ಕೇರಳದಲ್ಲಿ ಇದೇ ದೊರೆಯು ಚಿಂಗಮಾಸದ ಓಣಂ ಹಬ್ಬಕ್ಕೆ ಬರುತ್ತಾನೆ. ಕನ್ನಡ, ತುಳು ನಾಡುಗಳಲ್ಲಿ ಬಲಿಪಾಡ್ಯಮಿಗೆ ಬರುತ್ತಾನೆ. ತುಳುನಾಡಿನ ಮನೆಗಳಲ್ಲಿ ಹಾಲೆಮರದ ಕೊಂಬೆಯನ್ನು ನೆಟ್ಟು, ಕಾಡುಹೂಗಳಿಂದ ಅಲಂಕರಿಸಿ, ದೀಪವಿಟ್ಟು, ‘ಬಲೀಂದ್ರ’ನನ್ನು ಕೂಗಿ ಕರೆಯುತ್ತಾರೆ. ಆ ಕರೆಯ ಪದಗಳಲ್ಲಿ ಒಂದು ವಿಲಕ್ಷಣವಾದ ಷರತ್ತಿದೆ. ಪ್ರಕೃತಿಯಲ್ಲಿ ಎಂದೂ ಆಗಲಾರದ ಕೆಲವು ಸಂಗತಿಗಳನ್ನು ಹೆಸರಿಸಿ, ಅವು ಆದಾಗ ನಿನ್ನ ರಾಜ್ಯವನ್ನು ಆಳಲು ಬಾ ಎಂದು ಹೇಳಲಾಗುತ್ತದೆ. ಕರೆಯುವವರು ಬಲಿಯ ಹಕ್ಕನ್ನು ಅಲ್ಲಗಳೆಯುವುದಿಲ್ಲ. ಅದು ಈಡೇರುವ ದಿನವನ್ನು ಮಾತ್ರ ಕೊನೆಯಿಲ್ಲದೆ ಮುಂದಕ್ಕೆ ಹಾಕುತ್ತಾರೆ. ನೆಲವನ್ನು ಕಳೆದುಕೊಂಡವನಿಗೆ ವರ್ಷದಲ್ಲಿ ಒಂದು ರಾತ್ರಿಯ ಸತ್ಕಾರ ದೊರೆಯುತ್ತದೆ, ನೆಲ ದೊರೆಯುವುದಿಲ್ಲ. ಗೇಣಿ, ಉಂಬಳಿಗಳ ಚರಿತ್ರೆಯನ್ನು ಓದುವ ವಿದ್ಯಾರ್ಥಿಯು ಈ ಷರತ್ತಿನ ಮೇಲೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಅಮಾವಾಸ್ಯೆಯ ರಾತ್ರಿ ಬರುವವರು ಮನೆಯ ಗತಿಸಿದ ಹಿರಿಯರು. ಅಂದು ಪ್ರದೋಷಕಾಲದಲ್ಲಿ ಪಂಜುಗಳನ್ನು ಹಿಡಿದು ಪಿತೃಗಳಿಗೆ ದಾರಿ ತೋರುವ ಕ್ರಿಯೆಯನ್ನು ಧರ್ಮಶಾಸ್ತ್ರಕಾರರು ಉಲ್ಕಾದಾನವೆಂದು ಕರೆದಿದ್ದಾರೆ. ಹಬ್ಬದ ಸಂಜೆ ಮಲೆನಾಡಿನ ಮಕ್ಕಳು ಉರಿಯುವ ಕೋಲುಗಳೊಂದಿಗೆ ಗದ್ದೆಯ ಅಂಚಿನಲ್ಲಿ ಕೂಗುತ್ತ ಓಡುವಾಗ ಈ ಶಾಸ್ತ್ರವಾಕ್ಯವು ಅವರ ಮನಸ್ಸಿನಲ್ಲಿರುವುದಿಲ್ಲ. ಆದರೂ ಬೆಳಕನ್ನು ಮನೆಯಿಂದ ಹೊರಕ್ಕೆ, ಬೆಳೆದು ನಿಂತ ಪೈರಿನ ಕಡೆಗೆ ಒಯ್ಯುವ ಭಾವ ಎರಡರಲ್ಲಿಯೂ ಸಮಾನವಾಗಿದೆ.

ಇದರ ಮುಂದಿನ ಹಂತವೆಂಬಂತೆ ತೋರುವುದು, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆ ಪ್ರಸಿದ್ಧವಾಗಿರುವ ಅಂಟಿಗೆ-ಪಂಟಿಗೆ. ಬಲಿಪಾಡ್ಯಮಿಯ ರಾತ್ರಿ ಗಂಡಸರ ಒಂದು ತಂಡವು ಹಚ್ಚಿದ ದೀಪದೊಡನೆ ಹೊರಟು, ಕಾಡುದಾರಿಯಲ್ಲಿ ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತದೆ. ಮಲಗಿದ ಮನೆಯ ಮುಂದೆ ನಿಂತು ಮೊದಲು ಹಾಡುವುದು ಬಾಗಿಲು ತೆಗೆಸುವ ಪದವನ್ನು. ಮನೆಯೊಡತಿಯು ಎದ್ದು ಬಂದು ಆ ದೀಪದಿಂದ ತನ್ನ ಮನೆಯ ದೀಪವನ್ನು ಹಚ್ಚಿಕೊಳ್ಳುತ್ತಾಳೆ. ತಂಡದ ದೀಪಕ್ಕೆ ಎಣ್ಣೆಯೆರೆಯುತ್ತಾಳೆ. ಅಕ್ಕಿ, ಕಾಯಿ, ಕಾಣಿಕೆಗಳನ್ನು ಕೊಡುತ್ತಾಳೆ. ತಂಡದವರು ಮನೆಗೂ ಕೊಟ್ಟಿಗೆಗೂ ಒಳಿತನ್ನು ಹರಸಿ ಮುಂದೆ ನಡೆಯುತ್ತಾರೆ. ಇಡೀ ಸಂಚಾರದಲ್ಲಿ ದೀಪವು ಆರಬಾರದು. ಆರಿದರೆ ಊರಿಗೆ ಕೇಡೆಂಬ ಭಯ. ಈ ಭಯಕ್ಕೆ ವ್ಯಾವಹಾರಿಕವಾದ ಅರ್ಥವೂ ಇಲ್ಲದಿಲ್ಲ. ದೀಪವು ಆರದಿರಬೇಕಾದರೆ ದಾರಿಯ ಪ್ರತಿಯೊಂದು ಮನೆಯೂ ಬಾಗಿಲು ತೆರೆದು ತನ್ನ ಪಾಲಿನ ಎಣ್ಣೆಯನ್ನು ಎರೆಯಬೇಕು. ಮಳೆಗಾಲದುದ್ದಕ್ಕೂ ಒಂದಕ್ಕೊಂದು ಕಾಣದಿದ್ದ ಒಂಟಿ ಮನೆಗಳು ಆ ರಾತ್ರಿ ಒಂದೇ ಬತ್ತಿಯ ಎಣ್ಣೆಯಲ್ಲಿ ಪಾಲುಗೊಳ್ಳುತ್ತವೆ. ದೇವಾಲಯದ ನಂದಾದೀಪಕ್ಕೆ ಭೂಮಿಯನ್ನೋ ಎಣ್ಣೆಯ ಗಾಣವನ್ನೋ ಬಿಟ್ಟವರ ಹೆಸರುಗಳನ್ನು ಕರ್ನಾಟಕದ ಶಾಸನಗಳು ಹೇರಳವಾಗಿ ಕೊಡುತ್ತವೆ. ಈ ನಡೆಯುವ ದೀಪಕ್ಕೆ ಒಂದೊಂದು ಸೌಟು ಎಣ್ಣೆ ಎರೆದ ಹೆಂಗಸರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರ ದತ್ತಿಗೆ ಹಾಡೇ ಶಾಸನ.

ತೆರೆಯುವ ಬಾಗಿಲಿನ ಈ ಕಲ್ಪನೆಯು ಚಿಕ್ಕಮಗಳೂರಿನ ಸಮೀಪದ ಬಿಂಡಿಗದ ದೇವೀರಮ್ಮನ ಐತಿಹ್ಯದಲ್ಲಿಯೂ ಕಾಣುತ್ತದೆ. ನರಕಚತುರ್ದಶಿಯಂದು ಸಾವಿರಾರು ಜನರು ಬೆಟ್ಟವನ್ನೇರಿ ದೇವಿಯ ದರ್ಶನ ಪಡೆಯುತ್ತಾರೆ. ಬೆಟ್ಟದ ಮೇಲೆ ಹಚ್ಚುವ ಬೆಳಕು ಕೆಳಗಿನ ಊರುಗಳಿಗೆ ಕಾಣುತ್ತದೆ. ಹಬ್ಬದ ಸಮಯದಲ್ಲಿ ಗುಡಿಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆಂದು ಭಕ್ತರು ನಂಬುತ್ತಾರೆ. ಮನುಷ್ಯರು ದೇವರಿಗೆ ಬಾಗಿಲು ತೆರೆಯುವ ದಿನಗಳಲ್ಲಿ ದೇವಿಯೂ ಮನುಷ್ಯರಿಗೆ ಬಾಗಿಲು ತೆರೆಯುತ್ತಾಳೆಂಬುದು ಇದರ ತಾತ್ಪರ್ಯವಾಗಿರಬಹುದು. ಇದಕ್ಕೆ ವಿನೋದದ ಮಗ್ಗುಲೊಂದೂ ಇದೆ. ಮಲೆನಾಡಿನ ಹಲವೆಡೆ ಹಬ್ಬದ ರಾತ್ರಿ ಹುಡುಗರು ‘ಬೂರೆಗಳವು’ ಮಾಡುತ್ತಾರೆ. ನೆರೆಯವರ ಹಿತ್ತಲಿನ ತರಕಾರಿ, ಎಳನೀರು ಮಾಯವಾಗುತ್ತವೆ. ಬೇರೆ ದಿನಗಳಲ್ಲಿ ಜಗಳಕ್ಕೆ ಕಾರಣವಾಗುವ ಕೆಲಸವು ಅಂದು ನಗೆಯಲ್ಲಿ ಮುಗಿಯುತ್ತದೆ. ಒಂದು ರಾತ್ರಿಯ ಮಟ್ಟಿಗೆ ಬೇಲಿಗೂ ಬಾಗಿಲಿನದೇ ಗತಿ.

ಮನುಷ್ಯರಿಗೆ ಸಲ್ಲತಕ್ಕದ್ದರಂತೆ ಮೃಗಗಳಿಗೆ ಸಲ್ಲತಕ್ಕದ್ದೂ ಇದೆ. ಈ ಪರ್ವತಶ್ರೇಣಿಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ಪುರಾಣವು ಈ ಬೆಟ್ಟವನ್ನು ವರಾಹಪರ್ವತವೆಂದು ಕರೆದು, ಆದಿವರಾಹನ ಎರಡು ಕೋರೆಗಳಿಂದ ತುಂಗಾಭದ್ರೆಯರೂ ಕಣ್ಣುಗಳಿಂದ ನೇತ್ರಾವತಿಯೂ ಹರಿದರೆಂದು ಹೇಳುತ್ತದೆ. ಶಿಖರದಲ್ಲಿ ಭೂಮಿಯನ್ನೆತ್ತಿದ ವರಾಹನಾದರೆ, ಬೆಟ್ಟದ ಬುಡದ ಬನಗಳಲ್ಲಿ ಹಂದಿಯ ರೂಪದ ದೈವ ಪಂಜುರ್ಲಿ. ಬತ್ತವು ಬಲಿಯುವ ಕಾಲದಲ್ಲಿ ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನು ಮಣ್ಣುಪಾಲು ಮಾಡಬಲ್ಲದೆಂಬುದನ್ನು ಮಾಳ ಕಾದವರೆಲ್ಲ ಬಲ್ಲರು. ಬೆಳೆಯನ್ನು ಹಾಳುಮಾಡುವ ಪ್ರಾಣಿಯನ್ನೇ ಬೆಳೆ ಕಾಯುವ ದೈವವನ್ನಾಗಿ ಮಾಡಿಕೊಂಡು ಅದಕ್ಕೆ ಪಾಲು ಸಲ್ಲಿಸುವುದರಲ್ಲಿ ಕಾಡಿನ ಅಂಚಿನಲ್ಲಿ ಗದ್ದೆ ಮಾಡಿದವರ ಅಳುಕೂ ವಿವೇಕವೂ ಒಟ್ಟಿಗೆ ಇವೆ. ಕಾಡು ಮೊದಲಿಗೆ ಯಾರದಾಗಿತ್ತೆಂಬುದನ್ನು ಅವರು ಮರೆತಿರಲಿಲ್ಲ.

ಇನ್ನು ಅನ್ಯಾಯದಿಂದ ಹುಟ್ಟಿದ ದೈವಗಳನ್ನು ನೋಡೋಣ. ತುಳುನಾಡಿನಲ್ಲಿ ಭೂತಗಳ ಕೋಲ, ನೇಮಗಳು ಬೇಶ ತಿಂಗಳ 10ನೆಯ ದಿನ, ಎಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ನಿಂತು, ಮಳೆಗಾಲ ಕಳೆದ ಮೇಲೆ ದೀಪಾವಳಿಯ ಹೊತ್ತಿಗೆ ಮರಳಿ ಆರಂಭವಾಗುತ್ತವೆ. ಆಗ ಹಾಡುವ ಪಾಡ್ದನಗಳಲ್ಲಿ ಕಲ್ಕುಡ-ಕಲ್ಲುರ್ಟಿಯರ ಕಥೆಯು ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದೆ. ಏಕೆಂದರೆ ಅದರಲ್ಲಿ ಅಪರಾಧಿಯಾಗಿ ನಿಲ್ಲುವವನು ಭೈರರಸ. ಭೈರರಸರ ರಾಜ್ಯವು ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಒಳಗೊಂಡಿತ್ತು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡನು ಬೇರೆಡೆ ಅಂತಹ ವಿಗ್ರಹವನ್ನು ಮಾಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನಂತೆ. ಉಳಿದ ಒಂದೇ ಕೈಯಿಂದ ಅವನು ವೇಣೂರಿನ ಗೊಮ್ಮಟನನ್ನು ಕಡೆದನೆಂದೂ, ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರೆಂದೂ ಕಥೆ ಹೇಳುತ್ತದೆ.

ಕಾಲಗಣನೆಯ ದೃಷ್ಟಿಯಿಂದ ಇದು ನಿಲ್ಲದು. ಕಾರ್ಕಳದ ಮೂರ್ತಿಯನ್ನು ವೀರಪಾಂಡ್ಯನು ಸ್ಥಾಪಿಸಿದುದು 1432ರಲ್ಲಿ. ವೇಣೂರಿನ ಮೂರ್ತಿಯನ್ನು ತಿಮ್ಮಣ್ಣ ಅಜಿಲನು ಸ್ಥಾಪಿಸಿದುದು 1604ರಲ್ಲಿ. ನಡುವಣ ಅಂತರ 172 ವರ್ಷ. ಒಬ್ಬನೇ ಮನುಷ್ಯನು ಎರಡನ್ನೂ ಕಡೆದಿರಲಾರನು. ಆದರೆ ಪಾಡ್ದನವು ತಾರೀಖನ್ನು ತಿಳಿಸಲು ಹುಟ್ಟಿದುದಲ್ಲ, ದೂರನ್ನು ದಾಖಲಿಸಲು ಹುಟ್ಟಿದುದು. ಅರಸನ ಹೆಸರನ್ನು ಕಾಪಾಡಲು ಕಲ್ಲಿತ್ತು. ಕಲ್ಲು ಕಡೆದವನಿಗೆ ಏನು ಸಂದಿತೆಂಬ ಪ್ರಶ್ನೆಯನ್ನು ಕಾಪಾಡಿದುದು ಕೋಲದ ರಾತ್ರಿ. ಮ್ಯಾನರನು 1886ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಪಾಡ್ದನಗಳೂ, ಬರ್ನೆಲ್ಲನ ಸಂಗ್ರಹದಿಂದ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾದವೂ, ಬಿ. ಎಲ್. ರೈಸರು 1901ರಲ್ಲಿ ಹೊರತಂದ ಕಡೂರು ಜಿಲ್ಲೆಯ ಶಾಸನಸಂಪುಟವೂ ಹೆಚ್ಚುಕಡಮೆ ಒಂದೇ ಕಾಲದವು. ಇವುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಕಳಸ-ಕಾರ್ಕಳ ರಾಜ್ಯದ ಚರಿತ್ರೆಗೆ ಎರಡು ಕಣ್ಣುಗಳಾಗುತ್ತವೆ.

ಲೋಕದ ಬೇರೆಡೆಗಳಲ್ಲಿಯೂ ಚಳಿಗಾಲದ ಕಥೆಗಳು ಇದೇ ದಾರಿಯನ್ನು ಹಿಡಿದಿರುವುದುಂಟು. ಚಾರ್ಲ್ಸ್ ಡಿಕನ್ಸನು 1843ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಕಥೆಯಲ್ಲಿ ಜಿಪುಣನಾದ ಧಣಿಯ ಮನೆಗೆ ಹಬ್ಬದ ರಾತ್ರಿ ಪ್ರೇತಗಳು ಬಂದು, ಅವನು ತನ್ನ ಗುಮಾಸ್ತನಿಗೂ ನೆರೆಹೊರೆಗೂ ಸಲ್ಲಿಸದೆ ಉಳಿಸಿಕೊಂಡುದನ್ನು ಅವನ ಕಣ್ಣಮುಂದೆ ತರುತ್ತವೆ. ನೆಲ, ಮತ, ಭಾಷೆಗಳು ಬೇರೆಯಾದರೂ ರಾತ್ರಿಯ ಅತಿಥಿಯು ಕೇಳುವ ಲೆಕ್ಕ ಒಂದೇ.

ಹಾಗೆಂದು ಈ ಆಚಾರಗಳೇ ನ್ಯಾಯವನ್ನು ಸ್ಥಾಪಿಸಿದುವೆಂದು ಭಾವಿಸುವುದು ತಪ್ಪಾದೀತು. ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದನು ದೈವವಾಗಿ ಮಾತನಾಡುವಾಗ ಗುತ್ತಿನ ಯಜಮಾನನು ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಕಲಾವಿದನನ್ನು ಅಂಗಳದ ಆಚೆ ನಿಲ್ಲಿಸಿದ ಕಾಲವು ಬಹಳ ಹಿಂದಿನದೇನಲ್ಲ. ಬಲಿಗೆ ಒಂದು ರಾತ್ರಿಯ ರಾಜ್ಯವಾದಂತೆ ಇವನಿಗೂ ಒಂದು ರಾತ್ರಿಯ ಗೌರವ. ಐತಿಹ್ಯವು ಋಣವನ್ನು ನೆನಪಿಸಬಲ್ಲದು. ತೀರಿಸುವ ಕೆಲಸ ಹಗಲಿನವರದು.

ಈಗ ಬಾಗಿಲುಗಳ ಸ್ಥಿತಿಯೇ ಬದಲಾಗಿದೆ. ಕಾಫಿಯು ಈ ಬೆಟ್ಟಗಳನ್ನು ಆವರಿಸಿದ ಮೇಲೆ ಚಳಿಗಾಲವು ಬತ್ತದ ಕೊಯ್ಲಿನೊಡನೆ ಕಾಫಿಹಣ್ಣಿನ ಕೊಯ್ಲಿನ ಕಾಲವೂ ಆಯಿತು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ದುಡಿಯಲು ಬಂದವರು ತೋಟದ ಲೈನುಮನೆಗಳಲ್ಲಿ ನೆಲಸಿದರು. ಅಲ್ಲಿ ವಾಸಿಸುವವನಿಗೆ ದೀಪ ಹಚ್ಚಲು ಹೊಸ್ತಿಲಿದೆ, ಆದರೆ ಆ ಹೊಸ್ತಿಲು ಅವನದಲ್ಲ. 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿಯು ಕುದುರೆಮುಖದಲ್ಲಿ ಒಂದು ಪಟ್ಟಣವನ್ನೇ ಎಬ್ಬಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಆ ಪಟ್ಟಣದ ಮನೆಗಳು ಬರಿದಾದುವು. 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳಲ್ಲಿ ಕೆಲವು ಪರಿಹಾರ ಪಡೆದು ಹೊರಗೆ ಬಂದಿವೆ. ಕಾಡಿನ ರಕ್ಷಣೆ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪರಿಹಾರದ ಪಟ್ಟಿಯಲ್ಲಿ ಮನೆಗೆ, ಜಮೀನಿಗೆ, ಮರಕ್ಕೆ ಬೆಲೆ ಕಟ್ಟಬಹುದು. ಹಿರಿಯರು ಯಾವ ದಾರಿಯಿಂದ ಬರುತ್ತಿದ್ದರೆಂಬುದಕ್ಕೆ ಕಲಮು ಇಲ್ಲ. ಮನೆಯೇ ಇಲ್ಲದ ಕೋವಿನಲ್ಲಿ ಬಲೀಂದ್ರನನ್ನು ಕೂಗುವವರಾರು?

ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವೊಂದಿದೆ. ದೀವಳಿಗೆಯ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳಲಿ: ಹಬ್ಬದ ರಾತ್ರಿ ನಿಮ್ಮ ಬಾಗಿಲಿಗೆ ಯಾರು ಬರುತ್ತಿದ್ದರು? ಯಾವ ದಾರಿಯಿಂದ ಬರುತ್ತಿದ್ದರು? ಅವರಿಗೆ ಏನು ಕೊಡುತ್ತಿದ್ದಿರಿ? ಯಾರ ಬಾಗಿಲಿಗೆ ಅವರು ಹೋಗುತ್ತಿರಲಿಲ್ಲ? ಮೊದಲ ಮೂರು ಪ್ರಶ್ನೆಗಳ ಉತ್ತರದಿಂದ ಒಂದು ಊರಿನ ಬಾಂಧವ್ಯದ ನಕ್ಷೆ ಸಿದ್ಧವಾಗುತ್ತದೆ. ನಾಲ್ಕನೆಯದರ ಉತ್ತರವು ಆ ನಕ್ಷೆಯ ಎಲ್ಲೆಯನ್ನು ತೋರಿಸುತ್ತದೆ. ಇತಿಹಾಸದ ವಿದ್ಯಾರ್ಥಿಯು ಅದನ್ನು ಬಿಡದೆ ಬರೆದುಕೊಳ್ಳಬೇಕು.